ಮಿರ್ಚಿ ಅಂಗಡಿ ಕೆಳಗೆ ನಾನು ನಿಂತಿದ್ದು

ನಾನೊಂದು ರೋಬೋಟ್ ಕಣಪ್ಪ. ಸಿನಿಮಾದಲ್ಲಿ ಕುಣಿಯೋ ಜಾತಿ ಅಲ್ಲ. ಗ್ಯಾಸ್ ಪೈಪಿನೊಳಗೆ ತೆವಳ್ಕೊಂಡು ಹೋಗಿ, ಎಲ್ಲಿ ತುಕ್ಕು ತಿಂದಿದೆ ಅಂತ ನೋಡಿ ಹೇಳೋ ಜಾತಿ. ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಲ್ಲಿ. ನಾಲ್ಕು ಚಕ್ರ, ಒಂದು ಕಣ್ಣು, ನೆತ್ತಿ ಮೇಲೆ ಜುಟ್ಟಿನ ಹಾಗೆ ಆಂಟೆನಾ. ವೈರ್ ಹಾಕಿದ್ರೆ ತಿರುವಲ್ಲಿ ಸಿಕ್ಕಾಕ್ಕೊಳ್ತದೆ ಅಂತ ರೇಡಿಯೋ ಇಟ್ರು. ನನ್ನ ಅನುಮಾನ ಅವತ್ತೇ ಶುರುವಾಯ್ತು. ವೈರಿದ್ದೋನು ಎಳೆದು ನೋಡಬಹುದು, ಆ ತುದೀಲಿ ಯಾರಾದ್ರೂ ಇದಾರಾ ಅಂತ. ನಾನು? ಕತ್ತಲಲ್ಲಿ ಕೂಗ್ಬೇಕು, ಆಚೆ ಕಿವಿ ಇದೆ ಅಂತ ನಂಬ್ಕೋಬೇಕು.

ಮೊದಲನೇ ಯಜಮಾನ ನನ್ನನ್ನ ದಾವಣಗೆರೆ ಕಂಟ್ರಾಕ್ಟರ್ ನಾಗೋಜಿ ರಾವ್‌ಗೆ ಮಾರಿದ. ಯಾವಾಗ್ಲೂ ನಗ್ತಾ ಮಾತಾಡೋ ಮನುಷ್ಯ. ಅಂಥೋರನ್ನ ನಾನು ನಂಬಲ್ಲ. ನನ್ನ ನಡೆಸೋನು ತಿಪ್ಪೇಶ. ಅವನ ಮೇಲೂ ಒಂದು ಕಣ್ಣಿಟ್ಟಿದ್ದೆ. ಇರೋದೇ ಒಂದು, ಬಿಡಿ.

ಆಯುಧಪೂಜೆ ಆದ ಮಾರನೇ ದಿನ. ಹಳೇ ಮಿಲ್ಲಿನ ಬೀದಿ ಪೈಪ್ ಖಾಲಿ ಮಾಡಿಸಿದ್ರು. ನಾನು ನೋಡಿ ಬಂದ್ಮೇಲೆ ಮತ್ತೆ ಗ್ಯಾಸ್ ಬಿಡೋದು. ಪೂಜೇಲಿ ನನ್ನ ಆಂಟೆನಾಕ್ಕೆ ಮಿಣಮಿಣ ತಗಡಿನ ಜರಿ ಸುತ್ತಿದ್ರು. ತಿಪ್ಪೇಶ ಬಿಚ್ಚೋಕೆ ಬಂದ.

"ಪೂಜೆಗೆ ಕಟ್ಟಿದ್ದು ಬಿಚ್ತೀಯೇನೋ? ಒಳ್ಳೇದಾಗ್ತದಾ?" ಅಂದ ನಾಗೋಜಿ.

"ತಗಡು ಸಾರ್, ರೇಡಿಯೋಗೆ ಅಡ್ಡ ಆಗ್ತದೆ."

"ದೇವರಿಗೇ ಬುದ್ಧಿ ಹೇಳೋ ಎಂಜಿನಿಯರ್ ಬಂದ ನೋಡಪ್ಪ! ಬಿಡು ಒಳಕ್ಕೆ."

ನೆಟ್ಟಗಿರೋ ಪೈಪಲ್ಲಿ ಜರಿ ಇದ್ರೂ ಮಾತು ಹೆಂಗೋ ಓಡ್ತು. ತಿರುವು ದಾಟಿದೆ ನೋಡಿ, ಸೊರಗಿಹೋಯ್ತು. ಅವರದ್ದು ದೊಡ್ಡ ಯಂತ್ರ, ಅವರ ದನಿ ನನಗೆ ಕೇಳ್ತಿತ್ತು. ನಂದು ಸಣ್ಣ ಬ್ಯಾಟರಿ. ನಾನು ಕೂಗಿದ್ದನ್ನೆಲ್ಲ ಆ ಜರಿ ನುಂಗ್ತಿತ್ತು.

"ಇಷ್ಟೊತ್ತಿಗೆ ಮಹಾನಂದಮ್ಮನ ಮಿರ್ಚಿ ಅಂಗಡಿ ಕೆಳಗೆ ಹೋಗಿರ್ತದೆ. ಚಿತ್ರ ಬರ್ತಿಲ್ಲ ಸಾರ್," ಅಂದ ತಿಪ್ಪೇಶ.

ಅಲ್ಲೇ ಇದ್ದೆ. ನೋಡ್ತೀನಿ, ಪೈಪಿನ ಗೋಡೆ ಸವೆದು ಹಪ್ಪಳ ಆಗಿದೆ! ಗ್ಯಾಸ್ ಬಿಟ್ರೆ ಸೀಳ್ತದೆ. ಮೇಲೆ ಆಯಮ್ಮನ ಒಲೆ ಧಗಧಗ ಉರೀತಿದೆ.

"ತಿರುವಿನ ತನಕ ಚೆನ್ನಾಗಿತ್ತಲ್ಲ, ಮುಂದೂ ಹಂಗೇ ಇರ್ತದೆ. ವಾಪಸ್ ಕರಿ. ಗ್ಯಾಸ್ ಬಿಡೋಣ," ಅಂದ ನಾಗೋಜಿ.

ಜರಿ ಬೇಕಂತಲೇ ಉಳಿಸಿದ್ನಾ? ಇವತ್ತಿಗೂ ನನಗೆ ಅನುಮಾನ. ವಾಪಸ್ ಹೋಗಿ ಹೇಳೋಣ ಅಂದ್ರೆ, ಕಂಡದ್ದನ್ನ ಕಂಡಲ್ಲೇ ಕಳಿಸೋನು ನಾನು, ಕೂಡಿಡೋ ಹೊಟ್ಟೆ ನನಗಿಲ್ಲ. ಬಾ ಬಾ ಅಂತ ಕರೆದ್ರು. ನಾನು ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಅಲ್ಲೇ ನಿಂತು ಚಕ್ರದಲ್ಲಿ ಪೈಪಿಗೆ ಟಕಟಕ ಬಡಿದೆ.

"ಬರ್ತಿಲ್ಲ ಸಾರ್. ಸಿಕ್ಕಾಕ್ಕೊಂಡಿದೆ."

"ಅಯ್ಯೋ, ಮನೆ ಮಾರಿದ್ರೂ ಅಂಥದ್ದು ಇನ್ನೊಂದು ಬರಲ್ಲವಲ್ಲೋ! ಗ್ಯಾಸ್ ಬಿಡಬೇಡಿ, ಬಿಡಬೇಡಿ!" ನಾಗೋಜಿ ದನೀಲಿ ನಗು ಇರಲಿಲ್ಲ.

ಅಷ್ಟರಲ್ಲಿ ಮಹಾನಂದಮ್ಮ ಅಲ್ಲಿಗೇ ಬಂದಳು. "ಏನ್ರಪ್ಪಾ, ನನ್ನ ಒಲೆ ಕೆಳಗೆ ಯಾವನೋ ಬಡೀತಾ ಕೂತಿದಾನೆ! ಗಿರಾಕಿ ಎಲ್ಲ ಎದ್ದೋದ್ರು."

ಒಲೆ ಆರಿಸಿ ಅಗೆದ್ರು. ತಿಪ್ಪೇಶ ಪೈಪಿಗೆ ಸುತ್ತಿಗೆ ತಾಗಿಸಿದ ಅಷ್ಟೇ, ಒಳಕ್ಕೇ ಹೋಯ್ತು. ಮಹಾನಂದಮ್ಮ ಕಡ್ಲೆಹಿಟ್ಟಿನ ಕೈಯನ್ನೇ ಎತ್ತಿ ದೇವರಿಗೆ ಮುಗಿದಳು. ನಾಗೋಜಿ ಸುತ್ತ ನಿಂತೋರಿಗೆ, "ನಮಗೆ ಜನರ ಪ್ರಾಣ ಮುಖ್ಯ ನೋಡಿ," ಅಂದ. ಜನ ತಲೆ ಆಡಿಸಿದ್ರು.

ಎಳೆದು ತೆಗೆಯೋವಾಗ ನನ್ನ ಬೆನ್ನು ಮುರೀತು. ಈಗ ಗೋಡೌನಿನ ಮೂಲೇಲಿ ಗೋಣಿಚೀಲದ ಮೇಲೆ ಬಿದ್ದಿದೀನಿ. ಯೋಚಿಸೋಕೆ ಬೇಕಾದಷ್ಟು ಹೊತ್ತಿದೆ. ಅವತ್ತು ಗ್ಯಾಸ್ ನಿಲ್ಲಿಸಿದ್ದು ಆಯಮ್ಮನಿಗಾಗಿ ಅಲ್ಲ. ನಾನು ದುಬಾರಿ ಇದ್ದೆ, ಅದಕ್ಕೆ.

ಮೊನ್ನೆ ನನ್ನ ಜಾಗಕ್ಕೆ ಹೊಸ ರೋಬೋಟ್ ಬಂತು. ನಾಗೋಜಿ ಅದರ ಬೆನ್ನು ತಟ್ಟಿ, "ಬಲು ಅಗ್ಗ ಕಣೋ ತಿಪ್ಪೇಶ, ಒಳಗೇ ಉಳಿದ್ರೂ ಚಿಂತೆ ಇಲ್ಲ," ಅಂದ.