ಹ್ಯಾಲಿಬಟ್ ಮೀನಿನ ತಲೆ

ಗರಾಜಿನ ಗೋಡೆಯ ಮೇಲೆ ಮೋಹನರಾಜನ ಗಾಳದ ಕೋಲುಗಳು ಅವನು ತೂಗುಹಾಕಿದ್ದಂತೆಯೇ ಇದ್ದವು. ಅವುಗಳಲ್ಲಿ ದಪ್ಪನೆಯ ಕೋಲಿಗೆ ದಾರ ಸುತ್ತಿಡುವ ರೀಲು, ಸಂಜೆ ಅವನು ಆಫೀಸಿನಿಂದ ಬರುತ್ತಿದ್ದ ಹೊತ್ತಿಗೆ, ತಾನಾಗಿಯೇ ತಿರುಗುತ್ತಿತ್ತು. ಮೀನು ಕಚ್ಚಿ ದಾರ ಎಳೆದುಕೊಂಡು ಓಡುವಾಗ ಬರುತ್ತದಲ್ಲ, ಕರ್ರ್ ಎಂದು, ಅದೇ ಸದ್ದು. ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗುತ್ತಿತ್ತು. ಅವನ ಹೆಂಡತಿ ಸುಪ್ರಜಾ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಗರಾಜಿಗೆ ಹೋಗಿ ದೀಪ ಹಾಕುತ್ತಿದ್ದಳು. ದಾರ ಗೋಡೆಯಿಂದ ಇಳಿದು ಸಿಮೆಂಟು ನೆಲದ ಮೇಲೆ ಹಾವಿನಂತೆ ಹರಿದು ಬಿದ್ದಿರುತ್ತಿತ್ತು. ಪ್ರತಿ ಸಲವೂ ಒಂದೇ ದಿಕ್ಕಿಗೆ. ಮೂಲೆಯಲ್ಲಿದ್ದ ಫ್ರೀಜರಿನ ಕಡೆಗೆ.

ಮೊದಮೊದಲು ಅವಳು ಹೆದರಿದ್ದು ಹೌದು. ಆಮೇಲೆ ಆ ದಾರವನ್ನು ಮರಳಿ ಸುತ್ತಿಡುವುದು ಊಟವಾದ ಮೇಲೆ ಪಾತ್ರೆ ತೊಳೆದಿಡುವ ಹಾಗೆ ಮನೆಯ ಇನ್ನೊಂದು ಕೆಲಸವಾಯಿತು. ಒಮ್ಮೊಮ್ಮೆ ದಾರ ಒದ್ದೆಯಾಗಿರುತ್ತಿತ್ತು. ಬೆರಳನ್ನು ನಾಲಗೆಗೆ ಮುಟ್ಟಿಸಿದರೆ ಉಪ್ಪು. ಆಸ್ಟಿನ್ ಪಕ್ಕದಲ್ಲಿ ಅವರ ಮನೆಯಿದ್ದ ಫ್ಲೂಗರ್‌ವಿಲ್ಲಿನಿಂದ ಕಡಲಿಗೆ ಕಾರಿನಲ್ಲಿ ಹೋದರೂ ಅರ್ಧ ದಿನದ ದಾರಿ.

ಮೋಹನರಾಜ ಮಲ್ಪೆಯ ಮೀನುಗಾರ ಮೊಗವೀರರ ಮನೆಯವನು. ಆಸ್ಟಿನ್ನಿನ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದರೂ ಅವನ ವರ್ಷ ನಡೆಯುತ್ತಿದ್ದದ್ದು ಮೀನಿನ ಲೆಕ್ಕದಲ್ಲಿ. ಜುಲೈ ಬಂತೆಂದರೆ ಅಲಾಸ್ಕಾಕ್ಕೆ ಹೋಗಿ ಸಾಲ್ಮನ್, ಹ್ಯಾಲಿಬಟ್ ಹಿಡಿದು ತರುವುದು. ಅಲ್ಲಿಂದ ಬಂದ ಮೇಲೆ ಗಾಲ್ವೆಸ್ಟನ್ ಬಂದರಿನಿಂದ ದೋಣಿ ಮಾಡಿಕೊಂಡು ಟ್ಯೂನಾದ ಬೆನ್ನು ಹತ್ತುವುದು. "ಊರಲ್ಲಿ ಈ ತಿಂಗಳು ಮಳೆಗೆ ದೋಣಿ ಎಲ್ಲ ದಡದಲ್ಲಿ ಕವುಚಿ ಬಿದ್ದಿರ್ತದೆ. ಇಲ್ಲಿ ನೋಡು, ಈಗಲೇ ಕಡಲು ಕರೀತದೆ. ಉಲ್ಟಾ ದೇಶ ಮಾರಾಯ್ತಿ!" ಎಂದು ನಗುತ್ತಿದ್ದ.

ಹೋದ ವರ್ಷ, ಅಂದರೆ ಹದಿನೈದನೆಯ ಇಸವಿಯ ಜುಲೈಯಲ್ಲಿ, ಅಲಾಸ್ಕಾದಿಂದ ಬರುವಾಗ ಮಾಂಸದ ಜೊತೆಗೆ ಒಂದು ಹ್ಯಾಲಿಬಟ್ಟಿನ ತಲೆಯನ್ನೂ ತಂದಿದ್ದ. ಮೀನು ಕೊಯ್ದು ಪ್ಯಾಕ್ ಮಾಡಿಕೊಡುವ ಅಲ್ಲಿಯವರು ತಲೆಯನ್ನು ಬಿಸಾಡುವವರು. ಬೇಕು ಎಂದದ್ದಕ್ಕೆ ನಕ್ಕರಂತೆ. ಊರಿನ ನಂಗು ಮೀನಿನ ದೊಡ್ಡಣ್ಣನ ಹಾಗೆ ಚಪ್ಪಟೆ ಮೀನು ಅದು. ಎರಡು ಕಣ್ಣೂ ಒಂದೇ ಮಗ್ಗುಲಿಗೆ. ಮೋಹನರಾಜನಿಗೆ ಮೀನಿನ ತಲೆಯೆಂದರೆ ಪ್ರಾಣ. ಮೊದಲು ತಿನ್ನುತ್ತಿದ್ದದ್ದೇ ಕಣ್ಣು. ಚೀಪಿ, ಒಳಗಿನ ಬಿಳಿಯ ಗಟ್ಟಿ ಗುಂಡನ್ನು ತಟ್ಟೆಯ ಅಂಚಿನಲ್ಲಿಡುತ್ತಿದ್ದ. ಮಗಳು ನಿವೇದಿತಾ ಸಣ್ಣವಳಿದ್ದಾಗ ಅದನ್ನು ಮುತ್ತು ಎಂದು ಕರೆದು ಜೋಪಾನವಾಗಿ ಎತ್ತಿಡುತ್ತಿದ್ದಳು.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟವನು ಬಾಗಿಲಲ್ಲಿ ನಿಂತು, "ಇವತ್ತು ತಲೆ ಸಾರು ಮಾಡು. ಬಂದು ಊಟ ಮಾಡ್ತೇನೆ," ಎಂದ. ಹೈವೇಯಲ್ಲಿ ಎದೆ ಹಿಡಿದುಕೊಂಡಿತು. ಕಾರನ್ನು ನೀಟಾಗಿ ಪಕ್ಕಕ್ಕೆ ನಿಲ್ಲಿಸಿ, ಬ್ರೇಕು ಹಾಕಿ, ಹಾಗೆಯೇ ಕೂತಿದ್ದ, ಉಸಿರಿಲ್ಲದೆ.

ಫ್ರೀಜರಿನ ಉಳಿದ ಮೀನೆಲ್ಲ ಬಂದವರಿಗೆ, ಹೋದವರಿಗೆ ಹಂಚಿ ಹೋಯಿತು. ಆ ತಲೆಯನ್ನು ಮಾತ್ರ ಸುಪ್ರಜಾ ಯಾರಿಗೂ ಕೊಡಲಿಲ್ಲ, ತಾನೂ ಬೇಯಿಸಲಿಲ್ಲ. ಬಂದು ಊಟ ಮಾಡ್ತೇನೆ ಎಂದು ಹೇಳಿ ಹೋದವರು. ಸಾರು ಆಗದೆ ಊಟ ಹೇಗೆ? ಊಟ ಆಗುವವರೆಗೆ ಬರುವುದು ಬಾಕಿ ಇದ್ದೇ ಇರುತ್ತದಲ್ಲ. ಇದನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಸಂಜೆ ರೀಲು ಕೂಗಿದಾಗ ಒಳಗೊಳಗೇ "ಬಂದ್ರಾ?" ಎನ್ನುತ್ತಿದ್ದಳು, ಅಷ್ಟೆ.

ಆದರೆ ಆ ಸದ್ದನ್ನು ನಿವೇದಿತಾ ಕೂಡ ಕೇಳಿದ್ದಳು. ಹೂಸ್ಟನ್ನಿನಲ್ಲಿ ಓದುತ್ತಿದ್ದವಳು ಕ್ರಿಸ್ಮಸ್ ರಜೆಗೆ ಬಂದು ಮೂರನೆಯ ದಿನವೇ ಬ್ಯಾಗು ಕಟ್ಟಿದಳು. "ಐ ಕಾಂಟ್, ಅಮ್ಮಾ. ಅದು ನಿಲ್ಲೋ ತನಕ ನಾನು ಈ ಮನೆಗೆ ಬರಲ್ಲ. ನೀನೇ ಅಲ್ಲಿಗೆ ಬಾ." ಫ್ಲವರ್ ಮೌಂಡ್ ಊರಿನಲ್ಲಿದ್ದ ಸುಪ್ರಜಾಳ ತಂಗಿಯೂ ಮನೆ ಮಾರಿ ಬಂದುಬಿಡು ಎಂದು ಹೇಳಿ ಹೇಳಿ ಸೋತಳು. ಸುಪ್ರಜಾ ಗರಾಜು ಬಿಟ್ಟು ಕದಲಲಿಲ್ಲ. ಮಗಳು ಆಮೇಲೆ ಬರಲೇ ಇಲ್ಲ.

ವರ್ಷ ತುಂಬಿದ ದಿನ ಅವಳು ಹಿತ್ತಲಿನಲ್ಲಿ ಎಡೆ ಇಟ್ಟಳು. ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ, ಬಸಳೆ, ಇಂಡಿಯನ್ ಅಂಗಡಿಯಿಂದ ತಂದ ಅಂಜಲ್ ಮೀನಿನ ಸಾರು. ಇಲ್ಲಿ ಕಾಗೆಗಿಂತ ಹೆಚ್ಚು ಗ್ರ್ಯಾಕಲ್ ಹಕ್ಕಿ. ಕಪ್ಪು ಮೈ, ಉದ್ದ ಬಾಲ, ಹಳದಿ ಕಣ್ಣು. ಪಾರ್ಕಿಂಗಿನಲ್ಲಿ ಬಿದ್ದ ಚಿಪ್ಸಿನ ಚೂರಿಗೆ ಹೊಡೆದಾಡುವ ಜಾತಿ. ಅವು ಬಂದು ಬೇಲಿಯ ಮೇಲೆ ಸಾಲಾಗಿ ಕೂತವು. ಎಲೆಯನ್ನೇ ನೋಡುತ್ತಾ ಕೂತವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಹೊತ್ತು ಇಳಿದ ಮೇಲೆ ಎಲ್ಲವೂ ಒಟ್ಟಿಗೆ ಎದ್ದು ಹಾರಿಹೋದವು.

ಮಲ್ಪೆಯಿಂದ ಅತ್ತೆ ವಿಡಿಯೋ ಕಾಲಿನಲ್ಲಿ ಎಲ್ಲ ಕೇಳಿಸಿಕೊಂಡರು. "ಮುಟ್ಟಲಿಲ್ಲ ಅಂದ್ರೆ ಎಂತದೋ ಆಸೆ ಬಾಕಿ ಉಂಟು ಮಗಾ. ಅದು ಎಂತ ಅಂತ ಬಾಯಿಬಿಟ್ಟು ಹೇಳಿ, ಮಾಡ್ತೇವೆ ಅಂತ ಮಾತು ಕೊಡ್ಬೇಕು. ಬೂದಿ ಬಿಟ್ಟದ್ದು ಕಡಲಿಗಲ್ವಾ? ಅಲ್ಲಿಗೇ ತಕೊಂಡು ಹೋಗಿ ಇಡಿ. ಮೀನಾದ್ರೂ ಮುಟ್ಲಿ." ಆಮೇಲೆ ಕೇಳಿದರು, "ನಿನಗೆ ಎಂತಾದ್ರೂ ಗೊತ್ತುಂಟಾ?"

"ಇಲ್ಲ ಅತ್ತೆ," ಎಂದಳು ಸುಪ್ರಜಾ.

ದೋಣಿಯ ಏರ್ಪಾಡು ಮಾಡಿದವನು ನೀಲಕಂಠಪ್ಪ. ಧಾರವಾಡದ ಕಡೆಯವನು, ಮೋಹನರಾಜನ ಆಫೀಸಿನ ಗೆಳೆಯ. ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವನಲ್ಲ. ಆದರೂ ವರ್ಷವರ್ಷವೂ ಟ್ಯೂನಾಕ್ಕೆ ಜೊತೆಗೆ ಹೋಗುತ್ತಿದ್ದ. "ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ!" ಎಂದು ಮೋಹನರಾಜ ರೇಗಿಸಿದರೆ, "ಹಿಡಿಯೂದಷ್ಟ ನಂದು, ತಿನ್ನೂದು ನಿಂದು," ಎನ್ನುತ್ತಿದ್ದ. ಹೂಸ್ಟನ್ನಿನಲ್ಲಿ ನಿವೇದಿತಾಳನ್ನು ಹತ್ತಿಸಿಕೊಂಡು ಮೂವರೂ ಗಾಲ್ವೆಸ್ಟನ್ ತಲುಪಿದರು. ಮೋಹನರಾಜನನ್ನು ಯಾವಾಗಲೂ ಕರೆದೊಯ್ಯುತ್ತಿದ್ದ ಮುದಿ ಕ್ಯಾಪ್ಟನ್ನೇ ದೋಣಿ ಬಿಟ್ಟ. ವರ್ಷದ ಹಿಂದೆ ಬೂದಿ ಬಿಡಲು ಕರೆದೊಯ್ದವನೂ ಅವನೇ. ಟೋಪಿ ತೆಗೆದು ಸುಪ್ರಜಾಳಿಗೆ ತಲೆ ಬಾಗಿಸಿದ.

ಸಿಗಡಿ ಹಿಡಿಯುವ ನಿಷೇಧ ಆಗಷ್ಟೇ ಮುಗಿದಿತ್ತು. ರಾತ್ರಿಯೆಲ್ಲ ಬಲೆ ಎಳೆದ ಸಿಗಡಿ ದೋಣಿಗಳು ಹಗಲು ಲಂಗರು ಹಾಕಿ ನಿಂತು, ಬಲೆಗೆ ಬಿದ್ದ ಬೇಡದ ಮೀನನ್ನೆಲ್ಲ ಸಲಿಕೆಯಲ್ಲಿ ಮೊಗೆದು ನೀರಿಗೆ ಚೆಲ್ಲುತ್ತವೆ. ಅದನ್ನು ತಿನ್ನಲು ಟ್ಯೂನಾ ಬರುತ್ತವೆ. ಅಂಥ ಒಂದು ದೋಣಿಯ ಹಿಂದೆ ಕ್ಯಾಪ್ಟನ್ ಇಂಜಿನ್ ನಿಲ್ಲಿಸಿದ. ನೀರು ಕುದಿಯುವ ಎಸರಿನ ಹಾಗೆ ಮೀನಿನಿಂದ ಕುದಿಯುತ್ತಿತ್ತು. ಮೇಲೆ ಕಡಲಹಕ್ಕಿಗಳ ಗಲಾಟೆ. ಆಳ ತೋರಿಸುವ ಪರದೆ ಮೀನಿನ ಗುಂಪಿನಿಂದ ಕೆಂಪಾಗಿತ್ತು.

ಸುಪ್ರಜಾ ಬಾಳೆ ಎಲೆಯ ತುಂಡಿನಲ್ಲಿ ಅನ್ನದ ಮುದ್ದೆ ಇಟ್ಟು, ಮೇಲೆ ಅಂಜಲ್ ಸಾರು ಹಾಕಿ, ಬಗ್ಗಿ ನೀರಿನ ಮೇಲಿಟ್ಟಳು.

ಎಲೆ ತೇಲಿತು. ಅದರ ಸುತ್ತ ನೀರು ನಿಂತುಹೋಯಿತು. ಹಾಗೆಂದೇ ಹೇಳಬೇಕು, ಅತ್ತಿತ್ತ ಕಡಲು ಕುದಿಯುತ್ತಲೇ ಇತ್ತು, ಎಲೆಯ ಸುತ್ತ ಮಾತ್ರ ಅಂಗಳದಷ್ಟು ಅಗಲ ಎಣ್ಣೆ ಹೊಯ್ದಂತೆ ನುಣ್ಣಗಾಯಿತು. ಮೀನುಗಳು ಅದರ ಅಂಚಿಗೆ ಬಂದು ತಿರುಗಿಕೊಂಡವು. ಹಕ್ಕಿಗಳು ಅದರ ಮೇಲೆ ಹಾರಲಿಲ್ಲ.

"ಏನ್ರೀ ಇದು ವೈನಿ," ಎಂದ ನೀಲಕಂಠಪ್ಪ. "ಮಾತ ಕೊಡ್ರಿ ಅಂತ ಅಮ್ಮಾರು ಹೇಳ್ಯಾರಲ್ಲ. ಹೇಳೋಣಂತ." ದೋಣಿಯ ಕಟಕಟೆ ಹಿಡಿದು ನೀರಿಗೆ ಬಗ್ಗಿದ. "ಮೋಹನಾ, ನಿಮ್ಮ ಅವ್ವನ್ನ ನೋಡಾಕ ನಾನ ಮಲ್ಪೆಗೆ ಹೋಗಿ ಬರ್ತೀನಿ. ತಿಳೀತಿಲ್ಲೋ?"

ಎಲೆ ಅಲ್ಲಾಡಲಿಲ್ಲ.

"ಪಪ್ಪಾ," ಎಂದಳು ನಿವೇದಿತಾ. "ಅಮ್ಮನ್ನ ನಾನು ನೋಡ್ಕೋತೀನಿ. ಪ್ರಾಮಿಸ್."

ಎಲೆ ಅಲ್ಲಾಡಲಿಲ್ಲ.

"ಮತ್ತೇನ ಬೇಕೋ ಮಾರಾಯಾ ನಿನಗ? ನಾ ಮೀನ ತಿನ್ನಬೇಕೇನ? ಅದೊಂದ ಕೇಳಬ್ಯಾಡಪಾ!" ನೀಲಕಂಠಪ್ಪ ನಗಲು ನೋಡಿದ. ಕ್ಯಾಪ್ಟನ್ ಇಂಜಿನ್ ಹಚ್ಚಿ ದೋಣಿಯನ್ನು ಸ್ವಲ್ಪ ಆಚೆ ಒಯ್ದ. ಎಲೆಯೂ ಹಿಂದೆಯೇ ಬಂತು. ಅಲೆ ಬೀಳುತ್ತಿದ್ದದ್ದು ಎದುರಿನಿಂದ. ಎಲೆ ಬರುತ್ತಿದ್ದದ್ದು ಅಲೆಗೆ ಎದುರಾಗಿ. ಬಂದು ಸುಪ್ರಜಾ ಕೂತಿದ್ದ ಮಗ್ಗುಲಿಗೆ, ಹಸಿದವರು ಬಾಗಿಲಲ್ಲಿ ನಿಲ್ಲುವ ಹಾಗೆ, ನಿಂತಿತು.

ನಿವೇದಿತಾ ತಾಯಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅಮ್ಮಾ, ನಿಂಗೊತ್ತು ಅಲ್ವಾ? ಯು ನೋ. ಹೇಳಮ್ಮಾ, ಪ್ಲೀಸ್."

ಸುಪ್ರಜಾ ಮಗಳ ಮುಖ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಈ ಮುಖವನ್ನು ಹಗಲಿನ ಬೆಳಕಿನಲ್ಲಿ ಇಷ್ಟು ಹತ್ತಿರದಿಂದ ನೋಡಿ ಏಳು ತಿಂಗಳಾಗಿತ್ತು. ಅಷ್ಟು ತಿಂಗಳೂ ಸಂಜೆಯಾದರೆ ತನ್ನ ಕಿವಿ ಗರಾಜಿನ ಕಡೆಗೇ ಇತ್ತು.

ನೀರಿಗೆ ಬಗ್ಗಿದಳು. "ತಲೆ ಸಾರು ಮಾಡ್ತೇನೆ," ಎಂದಳು.

ಎಲೆ ಗಕ್ಕನೆ ಜಗ್ಗಿತು, ಗಾಳಕ್ಕೆ ಮೂತಿ ತಾಗಿದ ಹಾಗೆ. ಆದರೆ ಮುಳುಗಲಿಲ್ಲ. ಕಾಯುತ್ತಿತ್ತು.

ಅವಳು ಉಳಿಸಿಕೊಂಡ ಮಾತು ಇನ್ನೊಂದಿತ್ತು. ಮನೆಯಿಂದ ಹೊರಡುವವರಿಗೆ ಬರೇ ಹೋಗಿ ಎನ್ನುವ ರೂಢಿ ನಮ್ಮಲ್ಲಿಲ್ಲ. ಶತ್ರುವಿಗೂ ಹೋಗಿ ಬನ್ನಿ ಎನ್ನುತ್ತೇವೆ. ಮದುವೆಯಾದ ಲಾಗಾಯ್ತು ಅವಳು ಗಂಡನಿಗೆ ಆ ಮಾತನ್ನು ಅರ್ಧಕ್ಕೆ ನಿಲ್ಲಿಸಿದವಳಲ್ಲ.

"ಊಟಕ್ಕೆ ಬನ್ನಿ," ಎಂದಳು. ಉಸಿರು ಎಳೆದುಕೊಂಡಳು. "ಊಟ ಮಾಡಿ, ಹೋಗಿ."

ಕೆಳಗಿನಿಂದ ಅಗಲವಾದ, ಚಪ್ಪಟೆಯಾದ ಒಂದು ನೆರಳು ಮೇಲೆದ್ದಿತು. ಟ್ಯೂನಾ ಅಲ್ಲ, ಟ್ಯೂನಾ ಉದ್ದನೆಯ ಮೀನು. ಸದ್ದಿಲ್ಲದೆ ಎಲೆಯನ್ನು ಎಳೆದುಕೊಂಡು ಇಳಿದುಹೋಯಿತು. ಮರುಗಳಿಗೆ ಆ ನುಣ್ಣನೆಯ ಜಾಗದ ಮೇಲೆ ಟ್ಯೂನಾಗಳು ನುಗ್ಗಿಬಂದು ನೀರು ಕುದಿಯಿತು, ಹಕ್ಕಿಗಳು ಎರಗಿದವು. ಈ ನೀರಿನಲ್ಲಿ ಅಷ್ಟು ದೊಡ್ಡ ಚಪ್ಪಟೆ ಮೀನು ತಾನು ಕಂಡಿಲ್ಲವೆಂದು ಕ್ಯಾಪ್ಟನ್ ನೀಲಕಂಠಪ್ಪನಿಗೆ ಮೆಲ್ಲಗೆ ಹೇಳಿ, ದೋಣಿಯನ್ನು ದಡದ ಕಡೆ ತಿರುಗಿಸಿದ.

ಮರುದಿನ ಮಧ್ಯಾಹ್ನ ಸುಪ್ರಜಾ ಫ್ರೀಜರು ತೆರೆದಳು. ತಲೆ ಮಂಜಿನ ಕೆಳಗೆ, ಎರಡು ಕಣ್ಣೂ ಮೇಲೆ ಮಾಡಿ, ವರ್ಷದಿಂದ ಮಲಗಿತ್ತು. ಕರಗಲು ಬಿಟ್ಟು, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ತೆಂಗಿನಕಾಯಿ ಹಾಕಿ ನುಣ್ಣಗೆ ಅರೆದಳು. ದೊಡ್ಡ ಪಾತ್ರೆಯಲ್ಲಿ ಮಂದ ಉರಿಯಲ್ಲಿ ಕುದಿಸಿದಳು. ನಿವೇದಿತಾ ಜೊತೆಯಲ್ಲೇ ಬಂದಿದ್ದಳು, ಈರುಳ್ಳಿ ಹೆಚ್ಚಿಕೊಟ್ಟಳು. ಮನೆಯಲ್ಲೆಲ್ಲ ಆ ವಾಸನೆ ಹರಡಿತು.

ಊರಿನಲ್ಲಾದರೆ ಎಡೆ ಬಡಿಸಿ ಕೋಣೆಯ ಬಾಗಿಲು ಹಾಕುತ್ತಾರೆ. ಬಂದವರು ಉಣ್ಣುವವರೆಗೆ ಹೊರಗೆ ಕಾದು, ಬಾಗಿಲು ಬಡಿದು, ಆಮೇಲೆ ತೆರೆಯುತ್ತಾರೆ. ಬಡಿದರೆ ಒಳಗಿನವರು ಎದ್ದು ಹೋಗುತ್ತಾರೆ. ಈ ಮನೆಯ ಊಟದ ಜಾಗಕ್ಕೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಸುಪ್ರಜಾ ಗರಾಜಿನಲ್ಲಿ, ಗಾಳದ ಕೋಲುಗಳ ಕೆಳಗೆ, ಎಲೆ ಹಾಕಿದಳು. ಅನ್ನ ಬಡಿಸಿ, ತಲೆಯನ್ನು ಇಡಿಯಾಗಿ ಎತ್ತಿಟ್ಟು, ಸಾರು ಸುರಿದಳು. ನೀರು ಇಟ್ಟಳು. ಬಾಗಿಲು ಎಳೆದುಕೊಂಡು ಹೊರಗೆ ಬಂದು ನೆಲದ ಮೇಲೆ ಕೂತಳು.

ರೀಲು ಕೂಗಿತು. ಅಷ್ಟು ಹೊತ್ತು ಅದು ಯಾವತ್ತೂ ಕೂಗಿರಲಿಲ್ಲ. ನಿವೇದಿತಾ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಸದ್ದು ನಿಂತಿತು. ಆಮೇಲೆ ಬಾಗಿಲಾಚೆ ಬಹಳ ಹೊತ್ತು ಏನೂ ಇಲ್ಲ. ಏನೂ ಇಲ್ಲ ಎಂದರೆ ತಪ್ಪು. ಯಾರೋ ಇದ್ದಾಗ ಇರುವಂಥ ಮೌನ.

"ಅಮ್ಮಾ, ನಾಕ್ ಮಾಡು."

"ತಲೆ ಅಲ್ವಾ, ಅವ್ರಿಗೆ ನಿಧಾನ ಆಗ್ತದೆ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಅಮ್ಮಾ."

"ಇರು ಮಗಾ."

ಅವಳ ಕೈ ಬಾಗಿಲ ಹತ್ತಿರ ಎತ್ತಿದ್ದು ಎತ್ತಿದಂತೆಯೇ ಇತ್ತು. ಬಡಿಯದಿದ್ದರೆ ಒಳಗಿನವರು ಏಳುವುದಿಲ್ಲ. ಹೀಗೆಯೇ ಕೂತಿರಬಹುದು, ಬಾಗಿಲಿನ ಆ ಕಡೆ ಅವರು, ಈ ಕಡೆ ತಾನು. ಮಡಿಲಲ್ಲಿ ಮಗಳ ಬಿಸಿ ಉಸಿರು ಸೀರೆಯನ್ನು ಒದ್ದೆ ಮಾಡುತ್ತಿತ್ತು. ಆ ಒದ್ದೆ ತೊಡೆಗೆ ತಾಗಿದಾಗ ಅವಳು ಕಣ್ಣು ಮುಚ್ಚಿ ಬಾಗಿಲು ಬಡಿದಳು. ಗಟ್ಟಿಯಾಗಿಯೇ ಬಡಿದಳು.

ತೆರೆದು ನೋಡಿದರೆ ಅನ್ನ ಹಾಗೆಯೇ ಇತ್ತು. ಸಾರಿನ ಮೇಲೆ ಕೆನೆ ಕಟ್ಟಿತ್ತು. ತಲೆಯೂ ಇಟ್ಟ ಹಾಗೆಯೇ ಇತ್ತು, ಆದರೆ ಕಣ್ಣಿನ ಗೂಡು ಎರಡೂ ಖಾಲಿ. ಎಲೆಯ ಅಂಚಿನಲ್ಲಿ ಬಿಳಿಯ ಗುಂಡು ಎರಡು, ಒಂದರ ಪಕ್ಕ ಒಂದು.

ನೆಲದ ಮೇಲೆ ದಾರ ಇರಲಿಲ್ಲ. ಅದು ರೀಲಿಗೆ ಬಿಗಿಯಾಗಿ ಸುತ್ತಿತ್ತು. ತುದಿಯ ಗಾಳ, ದಾರ ಹಾಯುವ ಕೋಲಿನ ಬಳೆಗೆ ಸಿಕ್ಕಿಕೊಂಡಿತ್ತು, ಹಂಗಾಮು ಮುಗಿದ ಮೇಲೆ ಮೋಹನರಾಜ ಸಿಕ್ಕಿಸಿಡುತ್ತಿದ್ದ ಹಾಗೆ.

ನಿವೇದಿತಾ ಮೆಲ್ಲನೆ ಬಗ್ಗಿ ಆ ಎರಡು ಗುಂಡುಗಳನ್ನು ಅಂಗೈಗೆ ತೆಗೆದುಕೊಂಡಳು. "ಮುತ್ತು," ಎಂದಳು.

ಆ ರಾತ್ರಿ ಮಗಳು ತನ್ನ ಹಳೆಯ ಕೋಣೆಯಲ್ಲಿ ನಿದ್ದೆ ಹೋದಳು. ಮಾರನೆಯ ಸಂಜೆ ಸುಪ್ರಜಾ ಅಡುಗೆಮನೆಯಲ್ಲಿ ನಿಂತಿದ್ದಳು. ಅವನು ಬರುತ್ತಿದ್ದ ಹೊತ್ತಾಯಿತು. ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಕಿವಿಗೊಟ್ಟಳು. ಫ್ರಿಜ್ಜಿನ ಗುಂಯ್ ಸದ್ದು, ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಮಷೀನು. ಅನ್ನದ ನೀರು ಉಕ್ಕಿ ಒಲೆಯ ಮೇಲೆ ಚೆಲ್ಲುವವರೆಗೂ ಅವಳು ಹಾಗೆಯೇ ನಿಂತಿದ್ದಳು.