ಅಜ್ಜಿಯ ಕುರ್ಚಿ ಎಷ್ಟು ಎತ್ತರ?

ಮನೆಯಲ್ಲಿ ವಯಸ್ಸಾದವರು ಒಮ್ಮೆ ಜಾರಿ ಬಿದ್ದರೆ ಸಾಕು, ನಾವೆಲ್ಲ ಸೇರಿ ಅವರನ್ನು ಒಂದು ಕಡೆ ಕೂರಿಸಿಬಿಡುತ್ತೇವೆ. ನೀರು ಬೇಕೇ, ಕೂತಲ್ಲಿಗೆ ಬರುತ್ತದೆ. ಊಟವೂ ಕೂತಲ್ಲಿಗೇ. ಪ್ರೀತಿ ಹೆಚ್ಚಿರುವ ಮನೆಯಲ್ಲಿ ಈ ಕೂರಿಸುವುದೂ ಹೆಚ್ಚು. ಕುರ್ಚಿ ಮೇಸ್ತ್ರಿಯ ಮನೆಯಲ್ಲಿ ಪ್ರೀತಿಗೇನೂ ಬರ ಇರಲಿಲ್ಲ.

ಮೇಸ್ತ್ರಿ ಮೂವತ್ತು ವರ್ಷದಿಂದ ಕುರ್ಚಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಂಡತಿ ಅಲ್ಲೇ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೀಟಿಗೆ ಕವರ್ ಹೊಲಿಯುತ್ತಾಳೆ. ಐದು ತಿಂಗಳ ಹಿಂದೆ ಮೇಸ್ತ್ರಿಯ ತಾಯಿ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದಳು. ಮೂಳೆ ಮುರಿದಿರಲಿಲ್ಲ, ಮಂಡಿ ಊದಿತ್ತು ಅಷ್ಟೇ. "ಒಂದು ವಾರ ಜೋಪಾನ, ಆಮೇಲೆ ಓಡಾಡಲಿ" ಎಂದರು ಡಾಕ್ಟರು. ಮೇಸ್ತ್ರಿಯ ಕಿವಿಗೆ ಮೊದಲರ್ಧ ಮಾತ್ರ ಬಿತ್ತು.

ಅವನು ಕೈಯಲ್ಲಿದ್ದ ಕೆಲಸವನ್ನೆಲ್ಲ ಬದಿಗಿಟ್ಟು ಅಮ್ಮನಿಗೆಂದು ಒಂದು ಕುರ್ಚಿ ಮಾಡಿದ. ಮತ್ತೆ ಬೀಳಬಾರದೆಂದು ತಗ್ಗಾಗಿ, ನೋಯಬಾರದೆಂದು ಮೆತ್ತಗೆ, ಕೈ ಉಜ್ಜಬಾರದೆಂದು ತೋಳುಗಳಿಗೆ ಕನ್ನಡಿಯಂಥ ಪಾಲಿಶ್. ಅಜ್ಜಿ ಅದರಲ್ಲಿ ಕೂತರೆ ಹಿಟ್ಟಿನ ಮೂಟೆಯ ಹಾಗೆ ಒಳಗಿಳಿದು ಹೋಗುತ್ತಿದ್ದಳು. ಬರಬರುತ್ತ ಅವಳನ್ನು ಎಬ್ಬಿಸಲು ಇಬ್ಬರು ಬೇಕಾದರು. ಮೇಸ್ತ್ರಿ ಒಂದು ಕೈ, ಹೆಂಡತಿ ಒಂದು ಕೈ ಹಿಡಿದು ಎಳೆಯುತ್ತಿದ್ದರು.

ಅಜ್ಜಿ ಬಿದ್ದು ಎರಡು ತಿಂಗಳಾಗಿತ್ತು. ಒಂದು ದಿನ ಮಧ್ಯಾಹ್ನ ಎರಡೂ ಕಾಲಿಗೆ ಮೇಸ್ತ್ರಿಯ ಮಗಳು ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ಚಪ್ಪಲಿ ಹಾಕಿಕೊಂಡು ತಯಾರಾಗಿದ್ದಳು.

"ಅಪ್ಪ, ಎರಡನೇ ವರ್ಷಕ್ಕೆ ಹೆಸರು ಬರೆಸೋಕೆ ಇವತ್ತೇ ಕೊನೇ ದಿನ. ನಾಲ್ಕು ಗಂಟೆಗೆ ಕಿಟಕಿ ಮುಚ್ತಾರೆ. ನಿಮ್ಮ ಸಹಿ ಇಲ್ದೆ ತಗೊಳಲ್ಲ."

"ಮುಚ್ಚಲಿ ಬಿಡು, ಧೂಳಾದ್ರೂ ಕಮ್ಮಿ ಆಗುತ್ತೆ," ಎಂದ ಮೇಸ್ತ್ರಿ, ತಲೆ ಎತ್ತದೆ.

ಫಾರಂ ಮೂರು ದಿನದಿಂದ ಅಂಟಿನ ಡಬ್ಬಿಯ ಕೆಳಗೆ ಬಿದ್ದಿತ್ತು. ಯೂನಿವರ್ಸಿಟಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೊಲಿಗೆ ಯಂತ್ರದ ಸದ್ದು ನಿಂತಿತು.

"ನೀವೇ ತಾನೇ ಹೋದ ವರ್ಷ ಕಳಿಸಿದ್ದು?" ಎಂದಳು ಮಗಳು.

"ಸೈನ್ಸ್ ಅಂದೆ, ಕಳಿಸ್ದೆ. ಬೀದಿಯೆಲ್ಲ ಹೇಳ್ಕೊಂಡೂ ಬಂದೆ. ಹೋದ ವಾರ ಕ್ಷೌರದಂಗಡಿಯವನು ಏನಂದ ಗೊತ್ತಾ? ನಿಮ್ಮ ಮಗಳು ಮೈದಾನದಲ್ಲಿ ಚಾಕ್‌ಪೀಸ್ ಹಿಡ್ಕೊಂಡು ಯಾರದೋ ಹೆಜ್ಜೆ ಅಳೀತಿದ್ಲು ಅಂದ. ಕೂತಿದ್ದೋರೆಲ್ಲ ನಕ್ರು. ಅರ್ಧ ಗಡ್ಡದಲ್ಲೇ ಎದ್ದು ಬಂದೆ ನಾನು! ನಡೆಯೋದು ಕಲಿಯೋಕೆ ಯೂನಿವರ್ಸಿಟಿ ಯಾಕೆ? ಒಂದು ವರ್ಷದ ಮಗು ಯಾವ ಪರೀಕ್ಷೇನೂ ಬರೀದೆ ನಡೆಯುತ್ತೆ."

"ಅದೇ ಸೈನ್ಸ್ ಅಪ್ಪ. ಮನುಷ್ಯನ ಮೈ ಹೇಗೆ ಚಲಿಸುತ್ತೆ, ಯಾವ ಸ್ನಾಯು ಯಾವಾಗ ದುಡಿಯುತ್ತೆ, ಯಾರಿಗೆ ಯಾವ ವ್ಯಾಯಾಮ ಎಷ್ಟು ಬೇಕು, ಅದನ್ನ ಓದ್ತಿದ್ದೀನಿ." ಆಮೇಲೆ ಬಾಯಿಬಿಟ್ಟೇಬಿಟ್ಟಳು. "ಅಜ್ಜಿ ಕಾಲು ಸೋತಿದ್ದು ಬಿದ್ದಿದ್ದಕ್ಕಲ್ಲ, ಕೂತಿದ್ದಕ್ಕೆ. ನೀವು ಮಾಡಿರೋ ಕುರ್ಚಿ..."

ಮೇಸ್ತ್ರಿ ಉಳಿಯನ್ನು ಮೇಜಿನ ಮೇಲೆ ಕುಕ್ಕಿದ. ಅವನಿಗೆ ಏನು ಬೇಕಾದರೂ ಅನ್ನಬಹುದಿತ್ತು, ಅವನ ಕುರ್ಚಿಗೆ ಅನ್ನುವ ಹಾಗಿರಲಿಲ್ಲ.

"ನನ್ನ ಕುರ್ಚಿಗೆ ಹೆಸರಿಡ್ತೀಯಾ? ಅದು ನನ್ನ ತಾಯಿಗೆ ಮಾಡಿದ್ದು!"

ಆ ಹೊತ್ತಿಗೆ ಸರಿಯಾಗಿ ಅಜ್ಜಿಯ ಬಿಪಿ ನೋಡಲು ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ಚೀಲ ಕೆಳಗಿಡುವ ಮೊದಲೇ ಅವಳಿಗೆ ವಿಷಯವೆಲ್ಲ ಗೊತ್ತಾಯಿತು, ಅಷ್ಟು ಜೋರಿತ್ತು ಮೇಸ್ತ್ರಿಯ ದನಿ.

"ನೀವೇ ಹೇಳಿ ನರ್ಸಮ್ಮ," ಎಂದ ಮೇಸ್ತ್ರಿ. "ಓಡೋರ ಕಾಲು ನೋಡ್ಕೊಂಡು ನಾಳೆ ಇವಳ ಹೊಟ್ಟೆ ತುಂಬುತ್ತಾ?"

ನರ್ಸಮ್ಮ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಕೋಣೆಯಿಂದ ಕುರ್ಚಿ ಕಿರ್ರೆಂದ ಸದ್ದು ಕೇಳಿಸಿತು. ಬೆನ್ನಲ್ಲೇ ಒಂದು ನರಳಾಟ.

ಎಲ್ಲರೂ ಓಡಿದರು. ಜಗಳ ಕೇಳಿ ಅಜ್ಜಿ ತಾನೇ ಎದ್ದು ಬರಲು ಹೊರಟಿದ್ದಳು. ಸೀಟಿನ ತುದಿಯವರೆಗೆ ಹೇಗೋ ಜಾರಿ ಬಂದಿದ್ದಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಾಲು ಗಡಗಡ ನಡುಗುತ್ತಿತ್ತು. ಹಿಡಿದ ಕೈ ನುಣುಪು ಪಾಲಿಶಿನ ಮೇಲೆ ಒಂದೊಂದೇ ಬೆರಳು ಜಾರುತ್ತಿತ್ತು. ಎದುರಿಗೆ ಸಿಮೆಂಟಿನ ನೆಲ.

ಮೇಸ್ತ್ರಿ ನುಗ್ಗಿ ತಾಯಿಯ ತೋಳಿಗೆ ಕೈ ಹಾಕಿದ.

"ಎಳೀಬೇಡಿ ಅಪ್ಪ!" ಮಗಳು ಕಿರುಚಿದಳು. "ಭುಜ ತಪ್ಪುತ್ತೆ. ಬಿಡಿ!"

ಮಗಳು ಅವನ ಮೇಲೆ ಹೀಗೆ ಕಿರುಚಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಅವನ ಕೈ ತಾನಾಗಿ ಹಿಂದೆ ಬಂತು. ಅವಳು ಅಜ್ಜಿಯ ಮುಂದೆ ಮಂಡಿಯೂರಿ, ಅಜ್ಜಿಯ ಮಂಡಿಗೆ ತನ್ನ ಮೈಯನ್ನೇ ಅಡ್ಡ ಕೊಟ್ಟು, ಎರಡೂ ಕೈಯಿಂದ ಸೊಂಟ ಹಿಡಿದಳು. ನರ್ಸಮ್ಮ ಪಕ್ಕಕ್ಕೆ ಬಂದು ಬೆನ್ನಿಗೆ ಕೈ ಕೊಟ್ಟಳು. ಜಾರುವುದು ನಿಂತಿತು.

"ಅಜ್ಜಿ, ನನ್ನ ಮುಖ ನೋಡು. ತಲೆ ಸುತ್ತುತ್ತಾ?"

"ಇಲ್ಲ ಕಣೇ. ಭಯ ಆಗ್ತಿದೆ."

"ನಾನಿದ್ದೀನಿ. ತುದಿಗೆ ಬಂದಿದ್ದೀಯಲ್ಲ, ಅರ್ಧ ಕೆಲಸ ಮುಗೀತು. ಈಗ ಪಾದ ಹಿಂದಕ್ಕೆ ತಗೋ. ಇನ್ನೂ ಸ್ವಲ್ಪ. ಮುಂದಕ್ಕೆ ಬಾಗು. ನಿನ್ನ ಮೂಗು ಕಾಲ್ಬೆರಳ ನೇರಕ್ಕೆ ಬರಲಿ. ನೆಲಾನ ಒತ್ತು, ಏಳು."

ಅಜ್ಜಿ ಎದ್ದಳು, ನಾಲ್ಕು ಬೆರಳಿನಷ್ಟು. ಧೊಪ್ಪನೆ ಕೂತಳು. ಮೇಸ್ತ್ರಿಯ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಆಗಲ್ಲ, ಬಿಟ್ಬಿಡು ಮಗಾ," ಎಂದಳು ಅಜ್ಜಿ.

"ಆಗುತ್ತೆ. ಅಮ್ಮ, ಅಜ್ಜಿ ಕೆಳಗೆ ಆ ಗಟ್ಟಿ ದಿಂಬು ತುರುಕು. ಕೂರೋ ಜಾಗ ಎತ್ತರ ಆಗಲಿ."

ದಿಂಬು ಬಂತು. ಮತ್ತೆ ಪಾದ ಹಿಂದೆ, ಮೈ ಮುಂದೆ. ಈ ಸಲ ಅಜ್ಜಿ ಹಲ್ಲು ಕಚ್ಚಿ ಎದ್ದಳು, ಪೂರ್ತಿ ಎದ್ದಳು. ಯಾರೂ ಅವಳ ಕೈ ಎಳೆದಿರಲಿಲ್ಲ. ಎರಡು ತಿಂಗಳ ನಂತರ ಅವಳ ಕಾಲು ಅವಳನ್ನು ಹೊತ್ತಿತ್ತು. ಅವಳು ಸುಧಾರಿಸಿಕೊಂಡು ಮಗನ ಕಡೆ ನೋಡಿದಳು.

"ನಿನ್ನ ಕುರ್ಚಿ ಕೂರಿಸ್ಕೊಳ್ಳೋದ್ರಲ್ಲಿ ಎತ್ತಿದ ಕೈ ಕಣೋ. ಬಿಟ್ಟುಕೊಡೋಕೆ ಮಾತ್ರ ಒಪ್ಪಲ್ಲ. ಜಗಳ ಬಿಡಿಸೋಣ ಅಂತ ಬರ್ತಿದ್ದೆ, ಅದಕ್ಕೂ ಬಿಡಲಿಲ್ಲ."

ಯಾರಿಗೂ ನಗು ಬರಲಿಲ್ಲ. ನನ್ನ ಕೈಯಾರೆ ಅಮ್ಮನನ್ನು ಕಟ್ಟಿಹಾಕಿದೆನಲ್ಲ ಎಂದು ಮೇಸ್ತ್ರಿ ನಾಚಿದ.

"ಮೇಸ್ತ್ರಿಗಳೇ," ಎಂದಳು ನರ್ಸಮ್ಮ ಮೆತ್ತಗೆ, "ನೀವು ಮಾಡಿದ್ದು ಪ್ರೀತಿಯಿಂದಲೇ. ಆದ್ರೆ ಕೆಲಸ ಕೊಡದ ಸ್ನಾಯು ಸೊರಗುತ್ತೆ, ವಯಸ್ಸಾದವರಲ್ಲಿ ಇನ್ನೂ ಬೇಗ. ನಾನು ಮಾತ್ರೆ ಕೊಡ್ತೀನಿ, ಬಿಪಿ ನೋಡ್ತೀನಿ. ಈ ಕಾಲಿಗೆ ಮತ್ತೆ ಶಕ್ತಿ ತುಂಬೋದು ಹೇಗೆ, ದಿನಕ್ಕೆ ಎಷ್ಟು ಸಲ, ಯಾವಾಗ ನಿಲ್ಲಿಸಬೇಕು, ಅದನ್ನ ಹಂತ ಹಂತವಾಗಿ ಕಲಿಸೋರು ಎಲ್ಲಿದ್ದಾರೆ? ಆಸ್ಪತ್ರೇಲಿ ಬೇಕು, ಭಾರ ಎತ್ತೋ ಕಾರ್ಖಾನೇಲಿ ಬೇಕು, ಶಾಲೇಲಿ, ಆಟದ ಮೈದಾನದಲ್ಲಿ ಬೇಕು. ಹೊಟ್ಟೆ ತುಂಬುತ್ತಾ ಅಂದ್ರಲ್ಲ, ಕೆಲಸಕ್ಕೇನೂ ಕೊರತೆ ಇಲ್ಲ, ಓದಿದವರೇ ಕಮ್ಮಿ."

ಮೇಸ್ತ್ರಿ ಜೇಬಿನಿಂದ ಅಳತೆ ಟೇಪು ತೆಗೆದು ಮಗಳ ಮುಂದೆ ಹಿಡಿದ. ಮೂವತ್ತು ವರ್ಷದಲ್ಲಿ ಅವನು ಯಾರನ್ನೂ ಕೇಳದ ಮಾತನ್ನು ಆಗ ಕೇಳಿದ.

"ಕುರ್ಚಿ ಎಷ್ಟು ಎತ್ತರ ಇರಬೇಕಮ್ಮ?"

ಮಗಳ ಕಣ್ಣು ತುಂಬಿತು. ಆದರೂ ಅವಳು ಬಗ್ಗಿ ಅಜ್ಜಿಯ ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ಅಳೆದಳು. "ಇಷ್ಟಕ್ಕಿಂತ ಎರಡು ಇಂಚು ಜಾಸ್ತಿ. ಸೀಟು ಗಟ್ಟಿ ಇರಲಿ. ತೋಳಿನ ಪಾಲಿಶ್ ಉಜ್ಜಿ ತೆಗೀರಿ, ಕೈಗೆ ಹಿಡಿತ ಸಿಗಬೇಕು."

ಗಡಿಯಾರ ಎರಡೂ ನಲವತ್ತು ತೋರಿಸುತ್ತಿತ್ತು. ಮೇಸ್ತ್ರಿ ಅಂಗಡಿಗೆ ಓಡಿ ಅಂಟಿನ ಡಬ್ಬಿ ಎತ್ತಿದ. ಫಾರಂ ಮೇಜಿಗೆ ಅಂಟಿಕೊಂಡಿತ್ತು! ಜೋರಾಗಿ ಎಳೆದರೆ ಹರಿಯುತ್ತದೆ. ಉಳಿಯ ತುದಿಯಿಂದ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಬಿಡಿಸುತ್ತ ಹೋದ. ಒಂದು ಮೂಲೆ ಮೇಜಿನ ಮೇಲೇ ಉಳಿಯಿತು, ಅಕ್ಷರಗಳು ಉಳಿದುಕೊಂಡವು. ಅಲ್ಲೇ ಸಹಿ ಹಾಕಿದ.

"ಬಸ್ಸಿಗೆ ಕಾದ್ರೆ ಆಯ್ತು ಕಥೆ," ಎಂದು ನರ್ಸಮ್ಮ ಅಜ್ಜಿಯ ಬಿಪಿ ನೋಡಿ ಮುಗಿಸಿ ಸ್ಕೂಟರ್ ತೆಗೆದಳು. "ಹಿಂದೆ ಹತ್ಕೋಮ್ಮಾ, ನಾನೂ ಜಿಲ್ಲಾ ಆಸ್ಪತ್ರೆ ಕಡೇನೇ ಹೋಗ್ಬೇಕು."

ಆಮೇಲೆ ಮೇಸ್ತ್ರಿಗೆ ಉಳಿದದ್ದು ಕಾಯುವುದೊಂದೇ. ಕುರ್ಚಿ ಮಗುಚಿ ಹಾಕಿ, ನಾಲ್ಕು ಕಾಲಿಗೂ ಮರದ ತುಂಡು ಜೋಡಿಸಿ, ಕದಲದ ಹಾಗೆ ಸ್ಕ್ರೂ ಬಿಗಿದ. ಒಂದೊಂದು ಸ್ಕ್ರೂಗೂ ಒಂದೊಂದು ಸಲ ಗಡಿಯಾರ ನೋಡಿದ. ಮೂರೂವರೆ. ಮೂರೂ ಮುಕ್ಕಾಲು. ಹರಿದ ಮೂಲೆ ನೋಡಿ ಬೇಡ ಅಂದುಬಿಟ್ಟರೆ? ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ಫೋನು ಹೊಡೆದುಕೊಂಡಿತು.

"ಅಪ್ಪ, ತಗೊಂಡ್ರು."

ಮೇಸ್ತ್ರಿ ಮರದ ಹೊಟ್ಟಿನ ಮೇಲೇ ಕುಸಿದು ಕೂತ.

ಇದಾಗಿ ಮೂರು ತಿಂಗಳಾಯಿತು. ಅಜ್ಜಿ ಈಗ ಬಚ್ಚಲಿಗೆ ತಾನೇ ಹೋಗುತ್ತಾಳೆ, ದಿನಾ ಹತ್ತು ಸಲ ಎದ್ದು ಕೂರುತ್ತಾಳೆ, ಒಂಬತ್ತಕ್ಕೇ ಹತ್ತು ಅಂತ ಮೊಮ್ಮಗಳಿಗೆ ಸುಳ್ಳು ಲೆಕ್ಕ ಹೇಳುತ್ತಾಳೆ. ಮೊದಲೆಲ್ಲ ಗಿರಾಕಿ ಬಂದರೆ "ಯಾರು ಕೂರೋದು?" ಎಂದು ಕೇಳುತ್ತಿದ್ದ ಮೇಸ್ತ್ರಿ ಈಗ "ಯಾರು ಏಳೋದು?" ಎಂದು ಕೇಳುತ್ತಾನೆ. ಕ್ಷೌರದಂಗಡಿಗೂ ಹೋಗಿ, ಉಳಿದರ್ಧ ಗಡ್ಡ ತೆಗೆಸಿಕೊಳ್ಳುತ್ತಲೇ ಮಗಳು ಏನು ಓದುತ್ತಾಳೆಂದು ಎಲ್ಲರಿಗೂ ಬಿಡಿಸಿ ಹೇಳಿ ಬಂದಿದ್ದಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಕೂತೇ ಇರುವ ಹಿರಿಯರಿದ್ದಾರೆಯೇ? ಅವರ ಕುರ್ಚಿ ಅವರ ಮಂಡಿಗಿಂತ ತಗ್ಗಿದೆಯೇ ನೋಡಿ. ಎದೆನೋವು, ತಲೆಸುತ್ತು, ಮೂಳೆ ಮುರಿತ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಅವರು ಓಡಾಡಲಿ ಎಂದರೆ ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ತೋಳು ಹಿಡಿದು ಎಳೆಯಬೇಡಿ. ಪಕ್ಕದಲ್ಲಿ ನಿಲ್ಲಿ, ಅವರೇ ಏಳಲಿ.

ನಿಮ್ಮ ಮಗಳೋ ಮಗನೋ ಮನುಷ್ಯರ ನಡಿಗೆ, ವ್ಯಾಯಾಮದ ಬಗ್ಗೆ ಓದುತ್ತೇನೆ ಎಂದರೆ ನಗಬೇಡಿ. ಏನು ಓದು ಅದು ಎಂದು ಕೂತು ಕೇಳಿ. ಅವರ ಫಾರಂ ಯಾವುದಾದರೂ ಡಬ್ಬಿಯ ಕೆಳಗಿದ್ದರೆ, ಅಂಟಿಕೊಳ್ಳುವ ಮೊದಲೇ ತೆಗೆದು ಸಹಿ ಹಾಕಿ.