ಬೇಲಿಗೆ ಮೊದಲೇ ಎತ್ತಿದ ಫ್ಲ್ಯಾಪ್

ವಿಮಾನ ಹಾರಿಸಲು ಕಲಿಸುವ ಸೊಸೆ ಅವತ್ತು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದಳು. ಫ್ಲೈಯಿಂಗ್ ಕ್ಲಬ್ಬಿನ ಹುಲ್ಲಿನ ಓಡುದಾರಿ ಬಲು ಚಿಕ್ಕದು, ಅದರ ತುದಿಗೇ ತಂತಿಬೇಲಿ. ಅಷ್ಟು ಜಾಗದಲ್ಲಿ ಮೇಲೇಳಬೇಕಾದರೆ ರೆಕ್ಕೆಯ ಹಿಂಬದಿಯ ಫ್ಲ್ಯಾಪು ಎಂಬ ಪಟ್ಟಿಗಳನ್ನು ಸ್ವಲ್ಪ ಇಳಿಸಿಕೊಳ್ಳಬೇಕು. ವೇಗ ಕಡಿಮೆಯಿದ್ದರೂ ಅವು ವಿಮಾನವನ್ನು ಎತ್ತಿ ಹಿಡಿಯುತ್ತವೆ. ಬೇಲಿ ದಾಟಿ, ವೇಗ ಕೂಡಿದ ಮೇಲಷ್ಟೇ ಮೆಲ್ಲಗೆ ಎತ್ತಬೇಕು. ಹಿಂದಿನ ವಾರ ಇದರಲ್ಲಿ ಅವಸರ ಮಾಡಿದ, ತನ್ನ ಬಳಿ ಕಲಿಯುತ್ತಿದ್ದ ಹಲ್ಲಿನ ಡಾಕ್ಟರೊಬ್ಬರಿಗೆ ಅವಳು ಎಲ್ಲರೆದುರು, "ನಿಮಗೆ ಸ್ಕೂಟರೇ ಸಾಕು ಬಿಡಿ" ಅಂದಿದ್ದಳು. ಪಾಪ, ಅವರು ಕಿವಿಯವರೆಗೂ ಕೆಂಪಾಗಿದ್ದರು.

ಚಕ್ರ ನೆಲ ಬಿಟ್ಟಿತು.

"ಅಯ್ಯೋ, ಎದ್ದೇಬಿಟ್ವಲ್ಲೇ!" ಅತ್ತೆ ಅವಳ ತೋಳು ಹಿಡಿದರು.

ಇದೆಲ್ಲ ತನಗೆ ನೀರು ಕುಡಿದಷ್ಟು ಸುಲಭವೆಂದು ತೋರಿಸುವ ಉಮೇದಿನಲ್ಲಿ, ಅವರ ಕಡೆಗೆ ತಿರುಗಿ ನಗುತ್ತಲೇ, ಸೊಸೆ ಫ್ಲ್ಯಾಪುಗಳನ್ನು ಒಂದೇ ಸಲಕ್ಕೆ ಎತ್ತಿಬಿಟ್ಟಳು. ವಿಮಾನ ಧಸಕ್ಕನೆ ಕುಸಿಯಿತು. ಚಕ್ರ ಹುಲ್ಲಿಗೆ ಬಡಿದು ಪುಟಿಯಿತು. ಎದುರಿಗೆ ಬೇಲಿ. ಅವಳು ಫ್ಲ್ಯಾಪು ಮತ್ತೆ ಇಳಿಸಿದಳು. ತಂತಿಗಳು ಚಕ್ರದಡಿಯಲ್ಲೇ ಸರಿದುಹೋದವು.

"ಬೇಕಂತ್ಲೇ ಮಾಡಿದ್ಯಾ? ಜೀವ ಬಾಯಿಗೆ ಬಂದಿತ್ತು ಕಣೇ!" ಅತ್ತೆ ಚಪ್ಪಾಳೆ ತಟ್ಟಿದರು.

"ಹೂಂ," ಅಂದುಬಿಟ್ಟಳು ಸೊಸೆ.

ಇಳಿದದ್ದೇ ತಡ, ಅತ್ತೆ ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಶುರುಹಚ್ಚಿಕೊಂಡರು. "ನಮ್ಮ ಸೊಸೆ ಹುಲ್ಲು ಸವರಿಕೊಂಡು ಹಾರ್ಸಿದ್ಲು! ಬೇಲಿ ಹತ್ರ ಒಂದ್ಸಲ ಕೆಳಗೆ ಬಿಟ್ಟು, ಮತ್ತೆ ಜುಮ್ ಅಂತ ಮೇಲೆ!"

ಡಾಕ್ಟರು ಅಲ್ಲೇ ಟೀ ಕುಡಿಯುತ್ತಿದ್ದರು. ಫ್ಲ್ಯಾಪು ಬೇಗ ಎತ್ತಿದ್ದಾಳೆಂದು ಅವರಿಗೆ ಅರ್ಥವಾಯಿತು. ಆದರೆ ನಗಲಿಲ್ಲ, ಕಣ್ಣು ತಗ್ಗಿಸಿ ಲೋಟ ನೋಡುತ್ತ ಕೂತರು. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಸಾಕು ಅತ್ತೆ. ಅದು ಆಟ ಅಲ್ಲ, ನನ್ನ ತಪ್ಪು. ಸ್ವಲ್ಪ ಹೆಚ್ಚುಕಮ್ಮಿ ಆಗಿದ್ರೆ ನಿಮ್ಮನ್ನೂ ಸೇರಿಸಿ ಬೇಲಿಗೆ ಹೊಡೀತಿದ್ದೆ."

ಅತ್ತೆಯ ನಗು ಮುಖದಲ್ಲೇ ನಿಂತುಹೋಯಿತು. "ಮತ್ತೆ, ನಾನು ಕೇಳಿದಾಗ ಹೂಂ ಅಂದ್ಯಲ್ಲೇ?"

ಸೊಸೆ ಡಾಕ್ಟರ ಕಡೆ ತಿರುಗಿ, "ಅವತ್ತು ನಿಮಗೆ ಹಾಗಂದಿದ್ದು ತಪ್ಪಾಯ್ತು," ಅಂದಳು. ಅವರು, "ಅಯ್ಯೋ, ಬಿಡಿ ಮೇಡಂ," ಎಂದು ಗಡಿಬಿಡಿಯಿಂದ ಎದ್ದರು. ಅಲ್ಲಿಂದ ಅವಳು ನೇರ ಮುಖ್ಯ ತರಬೇತುದಾರರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಇನ್ನೊಮ್ಮೆ ತಮ್ಮೆದುರು ಹಾರಿಸಿ ತೋರಿಸುವವರೆಗೆ ಯಾರಿಗೂ ಕಲಿಸುವಂತಿಲ್ಲ ಅಂದರು ಅವರು.

ಅವತ್ತು ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆಯನ್ನು ಅವರ ಮಗ ಕೇಳಿದ, "ಹೇಗಿತ್ತಮ್ಮಾ?"

"ಮೇಲಿಂದ ಎಲ್ಲಾ ಪುಟಾಣಿಯಾಗಿ ಕಾಣ್ತಿತ್ತು ಕಣೋ," ಎಂದಷ್ಟೇ ಹೇಳಿ, ಬೇಲಿಯ ಮಾತೆತ್ತದೆ ಅತ್ತೆ ಸೊಸೆಯ ತಟ್ಟೆಗೆ ಬಡಿಸಿದರು.

ಅವಳು ತಲೆ ಎತ್ತಲಿಲ್ಲ.